ಅಂಕಿತವನ್ನು ಅಳಿಸದೆ ಎಣಿಸಿದಾಗ

ಒಬ್ಬ ವಚನಕಾರರ ವಚನಗಳನ್ನು ಪದ ಎಣಿಸುವ ತಂತ್ರಾಂಶಕ್ಕೆ ಹಾಕಿದರೆ ಪಟ್ಟಿಯ ತುದಿಗೆ ಬಂದು ಕೂರುವುದು ಸಾಮಾನ್ಯವಾಗಿ ಅಂಕಿತವೇ, ಅಂದರೆ ವಚನಕಾರರು ತಮ್ಮ ಗುರುತಾಗಿ ಬಳಸುವ ದೇವರ ಹೆಸರು. ಹೆಚ್ಚುಕಡಿಮೆ ಎಲ್ಲ ವಚನದಲ್ಲೂ ಇರುವ ಪದದಿಂದ ಏನು ತಿಳಿದೀತು ಅಂತ ಅದನ್ನು ಮೊದಲೇ ಸೋಸಿಬಿಡುತ್ತಾರೆ. ನಾನು ಉಳಿದದ್ದನ್ನೆಲ್ಲ ಬದಿಗಿಟ್ಟು ಅಂಕಿತವನ್ನೇ ಹಿಡಿದೆ, ಮೊದಲು ಬಸವಣ್ಣನವರ ‘ಕೂಡಲಸಂಗಮದೇವ’ವನ್ನು.

ಬಳಸಿದ್ದು ಆಂಟ್‌ಕಾಂಕ್ ಎಂಬ ತಂತ್ರಾಂಶ, ದುಡ್ಡು ಕೊಡಬೇಕಿಲ್ಲ. ಹಳೆಯ ಫಾಂಟಿನಲ್ಲಿದ್ದ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಿಕೊಂಡೆ. ಯಾವುದು ಪದ ಎಂದು ಯಂತ್ರಕ್ಕೆ ತಿಳಿಸುವ ಟೋಕನ್ ಸೆಟ್ಟಿಂಗಿನಲ್ಲಿ ಅಕ್ಷರಗಳ ಜೊತೆ ‘ಮಾರ್ಕ್’ ಎಂಬುದನ್ನೂ ಆರಿಸಲೇಬೇಕು. ಇಲ್ಲದಿದ್ದರೆ ಸ್ವರಚಿಹ್ನೆ ಬಂದಲ್ಲೆಲ್ಲ ಪದ ಮುರಿದು, ‘ಕೂಡಲ’ ಹೋಗಿ ‘ಕ’, ‘ಡಲ’ ಆಗುತ್ತದೆ.

ಕನ್ನಡದಲ್ಲಿ ವಿಭಕ್ತಿ, ಸಂಧಿ ಎಲ್ಲ ಪದಕ್ಕೇ ಅಂಟಿಕೊಂಡು ಬರುತ್ತವಲ್ಲ, ಹಾಗಾಗಿ ಬರೀ ಎಣಿಕೆಯನ್ನು ನಂಬುವ ಹಾಗಿಲ್ಲ. ಯಂತ್ರಕ್ಕೆ ‘ಕೂಡಲಸಂಗಮದೇವಾ’ ಒಂದು ಪದ, ‘ಕೂಡಲಸಂಗಮದೇವರನೊಲಿಸುವ’ ಬೇರೆಯೇ ಪದ. ಮುಂದೆ ಏನು ಬಂದರೂ ಸರಿ ಎನ್ನುವ ನಕ್ಷತ್ರ ಚಿಹ್ನೆ ಹಾಕಿ ‘ಕೂಡಲ*’ ಎಂದು ಹುಡುಕಿದರೆ ಎಲ್ಲ ರೂಪಗಳೂ ಒಟ್ಟಿಗೆ ಸಿಗುತ್ತವೆ. (ಈ ಉಪಾಯ ಎಲ್ಲ ಕಡೆ ನಡೆಯದು. ‘ಮನ*’ ಎಂದರೆ ಮನೆ, ಮನುಷ್ಯ ಎಲ್ಲ ಬಂದು ಸೇರುತ್ತವೆ.) ಪದಗಳನ್ನು ದೊಡ್ಡದು ಚಿಕ್ಕದು ಮಾಡಿ ತೋರಿಸುವ ಚಿತ್ರಗಳು ನೋಡಲು ಚೆಂದ, ನನಗಂತೂ ಓದಿಗೆ ಒದಗಲಿಲ್ಲ.

ಒದಗಿದ್ದು, ಹುಡುಕಿದ ಪದವನ್ನು ನಡುವೆ ನಿಲ್ಲಿಸಿ ಆಚೀಚಿನ ಮಾತುಗಳನ್ನು ಸಾಲಾಗಿ ತೋರಿಸುವ ಕಿಟಕಿ. ‘ಉಳ್ಳವರು ಶಿವಾಲಯವ ಮಾಡುವರು’ ವಚನದಲ್ಲಿ ಅಂಕಿತದ ಬಲಕ್ಕೆ ‘ಕೇಳಯ್ಯಾ’ ಇದೆ: ಕೇಳುವವನು ದೇವರು. ‘ಕಳಬೇಡ ಕೊಲಬೇಡ’ದಲ್ಲಿ ಅದೇ ದೇವರು ‘ಒಲಿಸುವ ಪರಿ’ಗೆ ಕರ್ಮವಾಗಿದ್ದಾನೆ, ಕೇಳುವವರು ನಾವು. ಬಾಯಿಪಾಠ ಬರುವ ವಚನಗಳೇ, ಆದರೂ ಒಂದರ ಕೆಳಗೊಂದು ನೋಡುವವರೆಗೂ ಈ ವ್ಯತ್ಯಾಸ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮೊದಲನೆಯದರಲ್ಲಿ ‘ಸ್ಥಾವರಕ್ಕಳಿವುಂಟು’ ಎಂಬ ಪಾಠವನ್ನು ದೇವರಿಗೇ ಹೇಳುತ್ತಿದ್ದಾರಲ್ಲ ಅನ್ನಿಸಿದ್ದೂ ಆಗಲೇ.

ಆಮೇಲೆ ಸಾಲುಗಳನ್ನೆಲ್ಲ ಎಕ್ಸೆಲ್‌ಗೆ ಹಾಕಿ, ಪಕ್ಕದಲ್ಲಿ ‘ದೇವರಿಗೆ’, ‘ಜನಕ್ಕೆ’ ಎಂದು ಕೈಯಾರೆ ಗುರುತು ಮಾಡುತ್ತ ಹೋದೆ. ಇದನ್ನು ಯಂತ್ರಕ್ಕೆ ಬಿಡಲಾಗದು. ‘ದೇವಾ’ ಎಂದು ದೀರ್ಘವಿದ್ದರೆ ಸಂಬೋಧನೆ ಎನ್ನಬಹುದು, ‘ದೇವ’ ಎಂದಷ್ಟೇ ಇದ್ದರೆ ಇಡೀ ವಚನ ಓದಿಯೇ ತೀರ್ಮಾನಿಸಬೇಕು.

ಅಕ್ಕಮಹಾದೇವಿಯ ವಚನಗಳಿಗೆ ಬಂದಾಗ, ಅಂಕಿತವಾದ ‘ಚೆನ್ನಮಲ್ಲಿಕಾರ್ಜುನ’ಕ್ಕೆ ಚೆನ್ನ, ಚನ್ನ ಎರಡನ್ನೂ ಹುಡುಕಬೇಕಾಯಿತು. ಅದು ಸಣ್ಣ ತೊಡಕು. ಅಲ್ಲಿ ಎಷ್ಟೋ ಕಡೆ ಮಾತು ಮಲ್ಲಿಕಾರ್ಜುನನನ್ನು ಕುರಿತದ್ದು, ಆದರೆ ಹೇಳುತ್ತಿರುವುದು ಅವ್ವನಿಗೆ, ಕೆಳದಿಗೆ. ದೇವರಿಗೂ ಅಲ್ಲ, ಜನಕ್ಕೂ ಅಲ್ಲ. ಹಾಳೆಯಲ್ಲಿ ಇನ್ನೊಂದು ಗುರುತು ಸೇರಿಸಿ ಮೊದಲಿನಿಂದ ಓದಲು ಕೂತೆ.