ಲೈಕ್ ಒತ್ತಿದವರು ಕೈಜೋಡಿಸಬೇಕಾದರೆ

ತಾಲ್ಲೂಕು ಮಟ್ಟದ ಒಂದು ಟ್ರಸ್ಟ್ ಅಂದುಕೊಳ್ಳಿ. ಜೂನ್ ಬಂತೆಂದರೆ ಸರ್ಕಾರಿ ಶಾಲೆ ಮಕ್ಕಳಿಗೆ ನೋಟ್‌ಬುಕ್, ಬ್ಯಾಗ್ ಕೊಡುವ ಕೆಲಸ. ಫೇಸ್‌ಬುಕ್ ಪೇಜ್ ತುಂಬ ದೀಪ ಬೆಳಗುವ, ಶಾಲು ಹೊದಿಸುವ ಫೋಟೊಗಳು. ಲೈಕ್‌ಗೆ ಬರವಿಲ್ಲ, ಹಣ ಮಾತ್ರ ಪ್ರತಿ ವರ್ಷ ಅದೇ ಹತ್ತು ಜನರ ಜೇಬಿನಿಂದ. ವೇದಿಕೆ ಮೇಲೆ ಕೂತವರೆಲ್ಲ ಪೇಜ್‌ನಲ್ಲಿ ಕಾಣುತ್ತಾರೆ, ಕೊಟ್ಟ ದುಡ್ಡು ಏನಾಯಿತು ಅನ್ನುವುದು ಎಲ್ಲೂ ಕಾಣುವುದಿಲ್ಲ.

ಪೋಸ್ಟ್ ಹಾಕುವ ಮೊದಲು ಹಣ ಬರುವ ದಾರಿ ಸರಿಮಾಡಿಕೊಳ್ಳಿ. ಕ್ಯೂಆರ್ ಕೋಡ್ ಟ್ರಸ್ಟ್ ಹೆಸರಿನ ಖಾತೆಯದೇ ಇರಬೇಕು. ಕಾರ್ಯದರ್ಶಿಯ ಸ್ವಂತ ಖಾತೆಯದಾದರೆ ಸ್ಕ್ಯಾನ್ ಮಾಡಿದವರಿಗೆ ಯಾರದೋ ಹೆಸರು ಬರುತ್ತದೆ, ಅವರು ಅಲ್ಲಿಗೇ ನಿಲ್ಲಿಸುತ್ತಾರೆ. ಕೋಡ್‌ನ ಕೆಳಗೆ ‘ಸ್ಕ್ಯಾನ್ ಮಾಡಿದಾಗ ಈ ಹೆಸರೇ ಬರಬೇಕು’ ಎಂದು ಬರೆದು, ಬ್ಯಾಂಕಿನಲ್ಲಿರುವ ಹೆಸರನ್ನು ಅಕ್ಷರ ಬದಲಿಸದೆ ಹಾಕಿ. ನಿಮ್ಮದೇ ಪೋಸ್ಟರ್‌ಗೆ ತಮ್ಮ ಕೋಡ್ ಅಂಟಿಸಿ ಹಂಚುವವರಿಗೆ ಇದರಿಂದ ಸ್ವಲ್ಪವಾದರೂ ತಡೆ. ಇನ್ನೊಂದು, ಬಹಳ ಜನ ಮರೆಯುವುದು: ವಾಟ್ಸಾಪ್‌ನಲ್ಲಿ ಪೋಸ್ಟರ್ ನೋಡುವವರು ಅದೇ ಫೋನಿನಿಂದ ಆ ಕೋಡ್‌ಗೆ ಕ್ಯಾಮೆರಾ ಹಿಡಿಯುವುದು ಹೇಗೆ? ಯುಪಿಐ ಐಡಿಯನ್ನು ಚಿತ್ರದೊಳಗಲ್ಲ, ಕಾಪಿ ಮಾಡಲು ಬರುವ ಹಾಗೆ ಮೆಸೇಜ್‌ನಲ್ಲೇ ಟೈಪ್ ಮಾಡಿ.

ಯುಪಿಐನಲ್ಲಿ ಹಣದ ಜೊತೆ ದಾನಿಯ ವಿಳಾಸ, ಪ್ಯಾನ್ ಬರುವುದಿಲ್ಲ. ಹಾಗಾಗಿ ಒಂದು ಗೂಗಲ್ ಫಾರ್ಮ್ ಇಟ್ಟುಕೊಳ್ಳಿ: ಹೆಸರು, ವಿಳಾಸ, ಪ್ಯಾನ್, ಮೊತ್ತ, 12 ಅಂಕಿಯ ಯುಪಿಐ ರೆಫರೆನ್ಸ್ ನಂಬರ್. ಐದೇ ಪ್ರಶ್ನೆ ಸಾಕು. ರಸೀದಿ ಎರಡು ದಿನದೊಳಗೆ ಹೋಗಬೇಕು. 80ಜಿ (ದಾನಿಗಳಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವ ನೋಂದಣಿ) ಇದ್ದರೂ ‘ತೆರಿಗೆ ವಿನಾಯಿತಿ’ ಎಂದು ದಪ್ಪಕ್ಷರದಲ್ಲಿ ಹಾಕಬೇಡಿ. ₹2,000 ಮೀರಿದ ನಗದು ದೇಣಿಗೆಗೆ ಆ ಲಾಭವಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಅಮೆರಿಕದಲ್ಲಿರುವ ಊರಿನವರು ಪೋಸ್ಟ್ ನೋಡಿ ‘ಕಳಿಸ್ತೀನಿ’ ಅಂದರೆ ಮೊದಲು ಪಾಸ್‌ಪೋರ್ಟ್ ಯಾವ ದೇಶದ್ದು ಕೇಳಿ. ಭಾರತದ್ದಾದರೆ ಅವರ ಸ್ವಂತ ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕ ಪಡೆಯಬಹುದು. ಬೇರೆ ದೇಶದ್ದಾದರೆ, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದೆ ಮುಟ್ಟಬಾರದು.

ಇಂಥ ಟ್ರಸ್ಟ್‌ಗೆ ವಾಟ್ಸಾಪ್ ಮೊದಲು, ಉಳಿದದ್ದು ಆಮೇಲೆ. ಟ್ರಸ್ಟ್‌ಗೇ ಒಂದು ಸಿಮ್ ತೆಗೆದು ವಾಟ್ಸಾಪ್ ಬಿಸಿನೆಸ್ ಹಾಕಿ. ಗ್ರೂಪ್ ಬೇಡ: ದಾನಿಗಳ ನಂಬರ್ ಎಲ್ಲರಿಗೂ ಕಾಣುತ್ತದೆ, ವಾರದೊಳಗೆ ಶುಭೋದಯಗಳ ಮಳೆ. ಒಂದೇ ಮೆಸೇಜ್ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಹೋಗುವ ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಅದು ತಲುಪುತ್ತದೆ. ‘ಇನ್ನೂರು ಜನಕ್ಕೆ ಕಳಿಸಿದೆವು, ಒಬ್ಬರೂ ನೋಡಲಿಲ್ಲ’ ಅನ್ನುವುದರ ಗುಟ್ಟು ಇದೇ. ರಸೀದಿ ಕಳಿಸುವಾಗಲೇ ‘ಈ ನಂಬರ್ ಸೇವ್ ಮಾಡಿಕೊಳ್ಳಿ’ ಎಂದು ಕೇಳಿ. ಪರಿಚಯವಿಲ್ಲದವರಿಗೆ ಚಾನೆಲ್ ಇದೆ. ಅಲ್ಲಿ ಫಾಲೋ ಮಾಡುವವರ ನಂಬರ್ ಒಬ್ಬರದು ಇನ್ನೊಬ್ಬರಿಗೆ ಕಾಣದು.

‘ಉದಾರವಾಗಿ ದೇಣಿಗೆ ನೀಡಿ’ ಎಂದರೆ ಎಷ್ಟು ಕೊಡಬೇಕೋ ತಿಳಿಯದೆ ಓದುಗರು ಮುಂದೆ ಹೋಗುತ್ತಾರೆ. ಹೀಗೆ ಬರೆದು ನೋಡಿ:

“ಶಾಲೆ ಶುರುವಾಗಲು 20 ದಿನ. ಒಟ್ಟು 64 ಮಕ್ಕಳು. ಒಬ್ಬರಿಗೆ 6 ನೋಟ್‌ಬುಕ್, ಬ್ಯಾಗ್, ಜಾಮಿಟ್ರಿ ಬಾಕ್ಸ್ ಸೇರಿ ₹600. 41 ಮಕ್ಕಳದ್ದು ಆಯಿತು, 23 ಬಾಕಿ.”

ಬಾಕಿ ಸಂಖ್ಯೆ ಇಳಿದ ಹಾಗೆ ಮೂರು ದಿನಕ್ಕೊಮ್ಮೆ ಸ್ಟೇಟಸ್ ಬದಲಿಸಿ. ಲಿಸ್ಟ್‌ಗೆ ಮಾತ್ರ ತಿಂಗಳಿಗೆ ಎರಡೇ ಮೆಸೇಜ್. ಖರೀದಿಯಾದ ದಿನ ಅಂಗಡಿ ಬಿಲ್‌ನ ಫೋಟೊ, ಪಕ್ಕದಲ್ಲಿ ಕಟ್ಟುಕಟ್ಟಾಗಿ ಜೋಡಿಸಿದ ನೋಟ್‌ಬುಕ್. ಹಂಚಿದ ಮೇಲೆ ಉಳಿದ ಹಣ ಎಷ್ಟು, ಯಾವುದಕ್ಕೆ ಎಂದು ಒಂದು ಸಾಲು. ಉಳಿದದ್ದು ₹340 ಆದರೂ ಹೇಳಿ.

ಒಂದು ನೋಟ್‌ಬುಕ್‌ಗೆ ಎಂಟು ಜನ ಕೈ ಹಾಕಿ, ನಡುವೆ ಮಗು ತಲೆತಗ್ಗಿಸಿ ನಿಂತ ಫೋಟೊ ಇದೆಯಲ್ಲ, ಅದನ್ನು ಬಿಟ್ಟುಬಿಡಿ. ಲೇಬಲ್ ಮೇಲೆ ಹೆಸರು ಬರೆಯುತ್ತಿರುವ ಪುಟ್ಟ ಕೈ ಸಾಕು. ಹೆಸರು ಓದಲು ಬರದಂತೆ ತೆಗೆಯಿರಿ. ಮುಖ ಬೇಕೇ ಬೇಕೆಂದರೆ ಪೋಷಕರ ಲಿಖಿತ ಒಪ್ಪಿಗೆ ಇರಲಿ. ಬಾಲಮಂದಿರದ ಮಕ್ಕಳ ವಿಷಯದಲ್ಲಿ ಈ ಮಾತೇ ಇಲ್ಲ: ಗುರುತು ಬಯಲಾಗುವ ಫೋಟೊ, ಹೆಸರು, ಶಾಲೆ ಪ್ರಕಟಿಸುವುದು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ.

ಇನ್‌ಸ್ಟಾಗ್ರಾಂಗೆ ಫೋನ್ ಉದ್ದಕ್ಕೆ ಹಿಡಿದು ತೆಗೆದ ಅರ್ಧ ನಿಮಿಷದ ರೀಲ್ ಸಾಕು. ದನಿ ಆರಿಸಿ ನೋಡುವವರಿಗಾಗಿ ಕನ್ನಡ ಸಬ್‌ಟೈಟಲ್ ಹಾಕಿ. ಕ್ಯಾಪ್ಷನ್‌ನಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ, ಬಯೋದಲ್ಲಿ ಹಾಕಿ. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಪ್ರಕಟಣೆಯನ್ನು ತಂದು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆಗುತ್ತದೆ, ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಪೋಸ್ಟರ್ ಸಾಫ್ಟ್‌ವೇರ್‌ನಲ್ಲಿ ಒತ್ತಕ್ಷರ ಒಡೆದು ‘ಟ್ರಸ್ಟ್’ ಎಂಬುದು ‘ಟ್‌ರಸ್‌ಟ್’ ಆಗಿದೆಯೇ ನೋಡಿ. ಸ್ವಂತ ಹೆಸರನ್ನೇ ಸರಿಯಾಗಿ ಬರೆಯದವರಿಗೆ ದುಡ್ಡು ಕೊಡಲು ಯಾರಿಗಾದರೂ ಅನುಮಾನವೇ.

ಎಲ್ಲ ಖಾತೆಗೂ ಇಬ್ಬರು ಅಡ್ಮಿನ್, ಟೂ-ಸ್ಟೆಪ್ ವೆರಿಫಿಕೇಶನ್ (ಎರಡು ಹಂತದ ಗುರುತು ಪರಿಶೀಲನೆ). ಪೇಜ್ ನೋಡಿಕೊಳ್ಳುತ್ತಿದ್ದ ಹುಡುಗ ಕೆಲಸ ಸಿಕ್ಕಿ ಊರು ಬಿಟ್ಟರೆ ಪಾಸ್‌ವರ್ಡ್ ಅವನ ಜೊತೆ ಹೋಗಬಾರದು.

ಅಕ್ಟೋಬರ್ 2ರಿಂದ 8ರವರೆಗೆ ದೇಶದಾದ್ಯಂತ ‘ಕೊಡುವ ಹಬ್ಬ’ವಾದ ದಾನ್ ಉತ್ಸವ ಇರುತ್ತದೆ. ಎರಡನೇ ಸುತ್ತು ಕೇಳಲು ಒಳ್ಳೆಯ ಹೊತ್ತು. ಆದರೆ ಕೇಳುವ ಮುನ್ನ ಶಾಲೆಗೆ ಹೋಗಿ ಜೂನ್‌ನಲ್ಲಿ ಕೊಟ್ಟ ಬ್ಯಾಗ್‌ಗಳ ಫೋಟೊ ತನ್ನಿ. ಹತ್ತರ ಜಿಪ್ ಕಿತ್ತಿದ್ದರೆ ಅದನ್ನೂ ಹಾಕಿ, ಮುಂದಿನ ಸಲ ಯಾವ ಥರದ ಬ್ಯಾಗ್ ತರುತ್ತೀರಿ, ಎಷ್ಟು ಹೆಚ್ಚು ಬೀಳುತ್ತದೆ ಎಂದು ಬರೆಯಿರಿ.