ಹರಾಜಿನ ಹೊತ್ತಿಗೇ ಸಾಯುತ್ತಿದ್ದ ವೆಬ್‌ಸೈಟು

ಕೋಲಾರದ ಟೊಮೆಟೊ ಮಂಡಿಯೊಂದಕ್ಕೆ ರೇಟು ಹಾಕಿ ತೋರಿಸುವ ಸಣ್ಣ ವೆಬ್‌ಸೈಟು ಮಾಡಿಕೊಟ್ಟಿದ್ದೆ. ಕೋಡು ಜಾವಾದಲ್ಲಿ, ರೇಟುಗಳನ್ನು ಇಡುವ ಡೇಟಾಬೇಸು ಮೈಎಸ್‌ಕ್ಯುಎಲ್. ಹರಾಜು ಜೋರಾಗುವ ಹೊತ್ತಿಗೆ ಸರಿಯಾಗಿ ನಿಂತುಹೋಗುತ್ತಿತ್ತು. "ಏನಣ್ಣಾ, ಬಾಕ್ಸ್ ರೇಟೇ ಕಾಣಿಸ್ತಿಲ್ಲ" ಅಂತ ಮಂಡಿಯಿಂದ ಫೋನು. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತಿತ್ತು. ಅದಕ್ಕೇ ನಾಲ್ಕು ದಿನ ಸೋಮಾರಿತನ ಮಾಡಿದೆ.

ಲಾಗ್‌ನಲ್ಲಿ ಇದ್ದದ್ದು 'ಟೂ ಮೆನಿ ಕನೆಕ್ಷನ್ಸ್', ಅಂದರೆ ಡೇಟಾಬೇಸಿಗೆ ಒಮ್ಮೆಗೇ ತೆರೆದ ಕನೆಕ್ಷನ್ನುಗಳು ಮಿತಿ ಮೀರಿವೆ ಅಂತ. ನಾವೇನೂ ಬದಲಾಯಿಸದಿದ್ದರೆ ಮೈಎಸ್‌ಕ್ಯುಎಲ್ ಮಿತಿ 151. ಅದನ್ನು 500 ಮಾಡಿದೆ. ದಡ್ಡತನ, ಸಾಯುವ ಹೊತ್ತು ಸ್ವಲ್ಪ ಮುಂದಕ್ಕೆ ಹೋಯಿತು ಅಷ್ಟೇ. ಆಮೇಲೆ ತೆರೆದಿರುವ ಕನೆಕ್ಷನ್ನುಗಳ ಪಟ್ಟಿ ತೋರಿಸುವ 'ಶೋ ಪ್ರೊಸೆಸ್‌ಲಿಸ್ಟ್' ಹಾಕಿ ನೋಡಿದರೆ ಸಾಲುಸಾಲಾಗಿ 'ಸ್ಲೀಪ್', ಅಂದರೆ ತೆರೆದೇ ಇದ್ದು ಸುಮ್ಮನೆ ಕೂತವು. ಕೆಲಸ ಮಾಡುತ್ತಿದ್ದದ್ದು ಎರಡೋ ಮೂರೋ.

ಕೋಡಿನಲ್ಲಿ ಕನೆಕ್ಷನ್ನು ಮುಚ್ಚುವ ಕ್ಲೋಸ್ ಇರಲಿಲ್ಲ ಅಂತಲ್ಲ. ಎಡವಟ್ಟಾಗಬಹುದಾದ ಕೋಡನ್ನು ಸುತ್ತಿಡುವ ಟ್ರೈ ಬ್ಲಾಕಿನ ಕೊನೇ ಸಾಲಿನಲ್ಲಿತ್ತು. ಯಾರೋ ರೇಟಿನ ಜಾಗದಲ್ಲಿ '450/-' ಅಂತ ಟೈಪ್ ಮಾಡುತ್ತಾರೆ. ಅದನ್ನು ನಂಬರ್ ಮಾಡುವ ಸಾಲಿನಲ್ಲೇ ಎಕ್ಸೆಪ್ಷನ್, ಅಂದರೆ ಎಡವಟ್ಟಾಗಿ ಉಳಿದ ಸಾಲುಗಳನ್ನು ಬಿಟ್ಟು ಹೊರಬೀಳುವುದು. ಕ್ಲೋಸ್‌ವರೆಗೆ ಕೋಡು ತಲುಪುತ್ತಲೇ ಇರಲಿಲ್ಲ. ಹರಾಜಿನ ಗಡಿಬಿಡಿಯಲ್ಲಿ ಅಂಥ ಟೈಪಿಂಗೇ ಜಾಸ್ತಿ ಅಲ್ವಾ!

ಕನೆಕ್ಷನ್ನು, ಪ್ರಿಪೇರ್ಡ್ ಸ್ಟೇಟ್‌ಮೆಂಟು (ಆಮೇಲೆ ತುಂಬಲು ಜಾಗ ಬಿಟ್ಟು ಬರೆದಿಟ್ಟ ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ) ಎರಡನ್ನೂ ಟ್ರೈ ಪಕ್ಕದ ಬ್ರಾಕೆಟ್ಟಿನೊಳಗೇ ತೆರೆದೆ. ಜಾವಾ 7ರಿಂದ ಈ ಅನುಕೂಲ ಇದೆ. ಎಡವಟ್ಟಾಗಲಿ ಬಿಡಲಿ, ಕೊನೆಗೆ ತೆರೆದದ್ದನ್ನು ಮೊದಲು ಅಂತ ತಾನೇ ಮುಚ್ಚುತ್ತದೆ. ರೇಟು ತೋರಿಸುವ ಪುಟದಲ್ಲಿ ಮಾತ್ರ ಒಂದು ತೊಡಕು: ಸ್ಟೇಟ್‌ಮೆಂಟಿಗೆ ತಾರೀಕು ತುಂಬಿದ ಮೇಲೆ ತಾನೇ ಕ್ವೆರಿ ಓಡಬೇಕು? ಹಾಗಾಗಿ ಕ್ವೆರಿಯ ಉತ್ತರ ಇರುವ ರಿಸಲ್ಟ್‌ಸೆಟ್‌ಗೆ ಒಳಗಡೆ ಇನ್ನೊಂದು ಟ್ರೈ ಹಾಕಿದೆ.

ಈಗ ಹರಾಜಿನ ಹೊತ್ತಲ್ಲೂ ಆ ಪಟ್ಟಿಯಲ್ಲಿ ಏಳೆಂಟು ಸಾಲಿಗಿಂತ ಜಾಸ್ತಿ ಕಾಣಿಸಿಲ್ಲ. 500 ಅನ್ನು ವಾಪಸ್ 151 ಮಾಡಿದೆ. '450/-' ಟೈಪ್ ಮಾಡುವವರು ಇನ್ನೂ ಮಾಡುತ್ತಲೇ ಇದ್ದಾರೆ.