ಹಸಿರು ಬೆಳಕು ಇಳಿಸಿ, ಕ್ರಾಪಿ ಹಿಡಿಯಿರಿ

ಮಲೆನಾಡಿನಲ್ಲಿ ಮೊದಲ ಮಳೆಯ ರಾತ್ರಿ ಟಾರ್ಚು, ಕತ್ತಿ ಹಿಡಿದು ಹತ್ತುಮೀನಿಗೆ, ಅಂದರೆ ನೀರಿಗೆದುರಾಗಿ ಹತ್ತಿ ಬರುವ ಮೀನಿಗೆ, ಹೊರಡುತ್ತಾರೆ. ಅಲ್ಲಿ ಬೆಳಕು ನಮ್ಮ ಕಣ್ಣಿಗಾಗಿ. ಅಮೆರಿಕದ ಕೆರೆಗಳಲ್ಲಿ ರಾತ್ರಿ ಹೊತ್ತು ಕ್ರಾಪಿ ಮೀನು ಹಿಡಿಯುವವರು ಬೆಳಕನ್ನು ನೀರೊಳಗೇ ಇಳಿಸುತ್ತಾರೆ. ಟೆಕ್ಸಾಸ್ ಕಡೆ ಇರುವ ಕನ್ನಡಿಗರಿಗೆ ಗಾಳದ ಹುಚ್ಚಿದ್ದರೆ, ಬೇಸಿಗೆಯಲ್ಲಿ ಒಂದು ರಾತ್ರಿ ಇದಕ್ಕಾಗಿ ಎತ್ತಿಡಿ.

ಮೊದಲು ಒಂದು ಮಾತು ತಲೆಯಲ್ಲಿರಲಿ. ಕ್ರಾಪಿ ಬರುವುದು ಬೆಳಕಿಗಲ್ಲ, ಊಟಕ್ಕೆ. ಬೆಳಕಿಗೆ ನೀರಿನ ಅತಿ ಸಣ್ಣ ಜೀವಿಗಳು ಮುತ್ತುತ್ತವೆ. ಅವನ್ನು ತಿನ್ನಲು ಶ್ಯಾಡ್ ಎಂಬ ಪುಟ್ಟ ಬೆಳ್ಳಿ ಮೀನು ಬರುತ್ತದೆ. ಶ್ಯಾಡ್ ಹಿಂದೆ ಕ್ರಾಪಿ. ಇಷ್ಟು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ.

ನೀರಲ್ಲಿ ಮುಳುಗಿಸುವ ಹಸಿರು ಎಲ್‌ಇಡಿ ದೀಪ, ಅದಕ್ಕೊಂದು 12 ವೋಲ್ಟ್ ಬ್ಯಾಟರಿ ಬೇಕು. ಕೆಂಪು ಬೆಳಕಿಗಿಂತ ಹಸಿರು ನೀರೊಳಗೆ ಜಾಸ್ತಿ ಆಳಕ್ಕೆ ಹೋಗುತ್ತದೆ. ಹಳಬರು ದೋಣಿಯಂಚಿಗೆ ಗ್ಯಾಸ್ ಲಾಟೀನು ತೂಗುಹಾಕುತ್ತಿದ್ದರು. ಅದೂ ಕೆಲಸ ಮಾಡುತ್ತದೆ, ಆದರೆ ಹುಳುಗಳೆಲ್ಲ ಮುಖಕ್ಕೇ ಬರುತ್ತವೆ.

ಜಾಗಕ್ಕೆ ಸೇತುವೆ ಕಂಬಗಳ ಪಕ್ಕ ಒಳ್ಳೆಯದು. ಡಾಲಸ್‌ನ ಪೂರ್ವಕ್ಕಿರುವ ಲೇಕ್ ಫೋರ್ಕ್‌ನಲ್ಲಿ ಇಂಥ ಸೇತುವೆಗಳಿವೆ. ಬೇಸಿಗೆಯಲ್ಲಿ 15ರಿಂದ 25 ಅಡಿ ನೀರಿರುವ ಕಡೆ ನೋಡಿ. ಕತ್ತಲಾಗುವ ಮೊದಲೇ ತಲುಪಿ, ದೋಣಿಗೆ ಹಿಂದೆ ಮುಂದೆ ಎರಡೂ ಕಡೆ ಲಂಗರು ಹಾಕಿ. ದೋಣಿ ತಿರುಗುತ್ತಿದ್ದರೆ ದೀಪವೂ ಅಲೆಯುತ್ತದೆ, ಸೇರಿದ ಮೀನು ಚದುರುತ್ತದೆ. ಸುತ್ತಲೂ ಕಾಣುವ ಬಿಳಿ ದೀಪವೊಂದನ್ನು ಎತ್ತರದಲ್ಲಿ ಉರಿಸಿಡಿ. ಲಂಗರು ಹಾಕಿದ ದೋಣಿಗೆ ಅದು ಕಾನೂನು, ನಿಮ್ಮ ಪ್ರಾಣಕ್ಕೂ ಕಾವಲು. ಬೆಳದಿಂಗಳಿಗಿಂತ ಕತ್ತಲ ರಾತ್ರಿಯೇ ವಾಸಿ.

ಈಗ ದೀಪ ಇಳಿಸಿ, ಕಾಯಿರಿ. ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆಗೂ ಮೀರಿ. ಹೊಸಬರು ಸೋಲುವುದು ಇಲ್ಲೇ: ಹತ್ತು ನಿಮಿಷಕ್ಕೆ ಬೇಸತ್ತು ಜಾಗ ಬದಲಿಸುತ್ತಾರೆ. ಸುಮ್ನೆ ಕೂತು ನೀರು ನೋಡಿ. ಮೊದಲು ಹಸಿರಿನೊಳಗೆ ಬಿಸಿಲುಕೋಲಿನ ಧೂಳಿನಂತೆ ಏನೋ ಸುಳಿಯುತ್ತದೆ. ಆಮೇಲೆ ಒಂದೆರಡು ಬೆಳ್ಳಿ ಗೆರೆ. ನೋಡನೋಡುತ್ತಾ ಶ್ಯಾಡ್ ಹಿಂಡು ದೀಪದ ಸುತ್ತ ಪ್ರದಕ್ಷಿಣೆ ಹಾಕತೊಡಗುತ್ತದೆ. ಇದ್ದಕ್ಕಿದ್ದಂತೆ ಆ ಹಿಂಡು ಎರಡಾಗಿ ಸೀಳಿತು ಅಂದರೆ ಕೆಳಗೆ ಯಾರೋ ಬಂದಿದ್ದಾರೆ ಅಂತಲೇ ಅರ್ಥ.

ತೆಳು ತಂತಿಯ 4ನೇ ನಂಬರಿನ ಗಾಳ, ಆರು ಪೌಂಡ್ ಭಾರ ತಡೆಯುವ ದಾರ, ಗಾಳದಿಂದ ಒಂದು ಅಡಿ ಮೇಲೆ ಚಿಕ್ಕ ಸೀಸದ ಗುಂಡು ಸಾಕು. ಎರೆಗೆ ಮಿನೋ ಎಂಬ ಪುಟ್ಟ ಮೀನನ್ನು ಜೀವಂತವಾಗಿ ಹಿಡಿದು ಅದರ ತುಟಿಗೆ ಗಾಳ ಚುಚ್ಚಿ, ಆಗ ಅದು ಈಜುತ್ತಲೇ ಇರುತ್ತದೆ. ದೀಪದ ನಡುವೆ ಬಿಡಬೇಡಿ. ದೊಡ್ಡ ಕ್ರಾಪಿ ನಿಲ್ಲುವುದು ಬೆಳಕು ಮುಗಿದು ಕತ್ತಲು ಶುರುವಾಗುವ ಅಂಚಿನಲ್ಲಿ, ಇಲ್ಲವೇ ಹಿಂಡಿನ ಕೆಳಗೆ. ಅದರ ನೋಟ ಮೇಲಕ್ಕೇ. ಹಾಗಾಗಿ ಎರೆ ಅದಕ್ಕಿಂತ ಸ್ವಲ್ಪ ಮೇಲಿರಬೇಕು. ಮೂರು ಕೋಲಿದ್ದರೆ 8, 12, 15 ಅಡಿಗೆ ಬಿಡಿ. ಯಾವುದಕ್ಕೆ ಮೊದಲು ಕಚ್ಚಿತೋ ಉಳಿದವನ್ನೂ ಅದೇ ಆಳಕ್ಕೆ ತನ್ನಿ.

ಮೀನು ಕಚ್ಚಿದಾಗ ದಾರ ಬಿಗಿಯಾಗಲೇಬೇಕೆಂದಿಲ್ಲ. ಮೀನು ಎರೆ ಕಚ್ಚಿ ಮೇಲಕ್ಕೆ ಬಂದರೆ ದಾರ ಸಡಿಲವಾಗುತ್ತದೆ. ಅದೂ ಕಚ್ಚಿದ್ದೇ! ಕೋಲನ್ನು ಜಗ್ಗಬೇಡಿ, ಮೆಲ್ಲಗೆ ಎತ್ತಿ. ಇದರ ಬಾಯಿ ಕಾಗದದಷ್ಟು ತೆಳು, ಹರಿದೇ ಹೋಗುತ್ತದೆ. ಕೈಬಲೆ ಪಕ್ಕದಲ್ಲೇ ಇರಲಿ.

ನಮ್ಮ ಕರಾವಳಿಯವರು ಬೆಳಕಿನ ಮೀನುಗಾರಿಕೆ ಅಂದ ಕೂಡಲೇ ಸಿಟ್ಟಾಗುತ್ತಾರೆ, ಅದು ನ್ಯಾಯವೇ. ಸಮುದ್ರದಲ್ಲಿ ಎಲ್‌ಇಡಿ ಉರಿಸಿ ದೊಡ್ಡ ಬಲೆ ಬೀಸಿದರೆ ಮರಿಗಳೂ ಉಳಿಯುವುದಿಲ್ಲ. ಕೇಂದ್ರ ಸರ್ಕಾರ 2017ರಲ್ಲಿ ಅದನ್ನು ನಿಷೇಧಿಸಿದೆ. ಇಲ್ಲಿ ಗಾಳಕ್ಕೆ ಒಂದೊಂದೇ ಮೀನು, ಅದಕ್ಕೂ ಲೆಕ್ಕವಿದೆ. ಟೆಕ್ಸಾಸ್‌ನ ಸಾಮಾನ್ಯ ನಿಯಮದಂತೆ ಒಬ್ಬರಿಗೆ ದಿನಕ್ಕೆ 25 ಕ್ರಾಪಿ, ಉದ್ದ ಕನಿಷ್ಠ 10 ಇಂಚು. ಕೆಲವು ಕೆರೆಗಳಿಗೆ ಬೇರೆ ನಿಯಮವಿರುತ್ತದೆ, ಲೈಸೆನ್ಸ್ ಮಾಡಿಸುವಾಗಲೇ ಕೇಳಿಕೊಳ್ಳಿ. ಅಳತೆಪಟ್ಟಿಯನ್ನು ಐಸ್ ಪೆಟ್ಟಿಗೆಯ ಮುಚ್ಚಳಕ್ಕೇ ಅಂಟಿಸಿಬಿಡಿ. ಚಿಕ್ಕದು ಬಂದರೆ ಕೈ ಒದ್ದೆ ಮಾಡಿಕೊಂಡು ಹಿಡಿದು, ಗಾಳ ಬಿಡಿಸಿ, ದೀಪದಿಂದಾಚೆ ಕತ್ತಲಿಗೆ ಬಿಡಿ.